ಗುಜರಿಗೊಂದು ಗೃಹಪ್ರವೇಶ

ಬೆಂಗಳೂರಿನಲ್ಲಿ ನಲವತ್ತು–ಅರವತ್ತರ ಸೈಟಿನಲ್ಲಿ ಮನೆ ಕಟ್ಟಿಕೊಂಡವರಿಗೆ ಒಂದು ವಯಸ್ಸಿನಲ್ಲಿ ಮನೆಸಾಲ ತೀರುತ್ತದೆ, ಇನ್ನೊಂದು ವಯಸ್ಸಿನಲ್ಲಿ ಮಕ್ಕಳು ಅಮೆರಿಕಕ್ಕೆ ಹೋಗುತ್ತಾರೆ, ಅದಾದ ಮೇಲೆ ಹಿತ್ತಲಿಗೊಂದು ಶೆಡ್ ಬೇಕೆನ್ನಿಸುತ್ತದೆ. ಮೊದಲೆರಡು ಎಲ್ಲರಿಗೂ ಒದಗುವ ಭಾಗ್ಯವಲ್ಲ. ಮೂರನೆಯದು ಯಾರನ್ನೂ ಬಿಡುವುದಿಲ್ಲ.

ಹಿತ್ತಲೆಂದರೆ ನುಗ್ಗೆಮರ, ಕರಿಬೇವು, ಬಟ್ಟೆ ಒಗೆಯುವ ಕಲ್ಲು ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಪ್ಲಾನಿನಲ್ಲಿ ಸೆಟ್‌ಬ್ಯಾಕ್ ಎಂದು ತೋರಿಸಿ, ಗಾಳಿ ಬೆಳಕಿಗೆಂದು ಬಿಟ್ಟ ಐದಾರು ಅಡಿಯ ಓಣಿ ಅದು. ಅಲ್ಲಿ ಏನನ್ನೂ ಕಟ್ಟುವಂತಿಲ್ಲ. ಹಾಗಾಗಿ ಅಲ್ಲಿ ಕಟ್ಟುವುದೆಲ್ಲ ‘ಟೆಂಪರರಿ’. ನೆಲಕ್ಕೆ ಕಾಂಕ್ರೀಟು ಸುರಿದು, ಬೇಸ್ ಪ್ಲೇಟಿಗೆ ಆಂಕರ್ ಬೋಲ್ಟು ಬಿಗಿದು, ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡದಂತೆ ನಿಲ್ಲಿಸಿದ ಟೆಂಪರರಿ. ಕಾನೂನಿನ ಅಳುಕು ಇರುವವರಿಗೆ ಅಕ್ರಮ-ಸಕ್ರಮದ ಆಸೆಯಿದೆ. ವಾಸದ ಮನೆಗಳಲ್ಲಿ ಸೆಟ್‌ಬ್ಯಾಕ್ ಉಲ್ಲಂಘನೆ ಶೇ 50ರ ಒಳಗಿದ್ದರೆ ದಂಡ ಕಟ್ಟಿಸಿಕೊಂಡು ಮನ್ನಿಸುವ ಯೋಜನೆ ಅದು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ತಡೆ ಬಿದ್ದದ್ದು ಸಕ್ರಮಕ್ಕೆ. ಅಕ್ರಮ ಯಥಾಪ್ರಕಾರ ಸಾಗಿದೆ.

ನಮ್ಮ ಬೀದಿಯ ರಾಯರು ನಿವೃತ್ತ ಎಂಜಿನಿಯರು. ಶೆಡ್ಡಿನ ವಿಚಾರದಲ್ಲಿ ಅವರಿಗೆ ತಿಳಿಯದ್ದು ಒಂದೇ, ಅದರೊಳಗೆ ಏನಿಡಬೇಕು ಎಂಬುದು. ಅದನ್ನು ಕೇಳುವುದು ಅಸಭ್ಯತೆ ಕೂಡ. ಆದರೂ ಅವರ ಗ್ಯಾರೇಜಿನಲ್ಲಿ ಕ್ಯೂ ನಿಂತಿರುವುದನ್ನು ಕಣ್ಣಾರೆ ಕಂಡಿದ್ದೇನೆ. ಟಿ.ವಿ.ಯ ಖಾಲಿ ಡಬ್ಬ, ಥರ್ಮೋಕೋಲ್ ಸಮೇತ, “ಮನೆ ಶಿಫ್ಟ್ ಮಾಡೋವಾಗ ಬೇಕಾಗತ್ತೆ” ಅಂತ. ಮನೆಯೇನೋ ಸ್ವಂತದ್ದು, ಟಿ.ವಿ. ಮಾತ್ರ ಯಾವತ್ತೋ ಎಕ್ಸ್‌ಚೇಂಜಿಗೆ ಹೋಯಿತು. ಒಂದೊಂದು ಒಡೆದರೆ ಮ್ಯಾಚಿಂಗ್ ಸಿಗುವುದಿಲ್ಲವೆಂದು ಎತ್ತಿಟ್ಟ ಟೈಲ್ಸು, ಆ ಬಾತ್‌ರೂಮನ್ನೇ ಒಡೆಸಿ ಹೊಸದು ಮಾಡಿಸಿದ ಮೇಲೂ. ಒಣಗಿ ಕಲ್ಲಾದ ಪೇಂಟಿನ ಡಬ್ಬಿಗಳು. ಸಿಯಾಟಲ್‌ನಲ್ಲಿರುವ ಮಗನ ಸಿಇಟಿ ಗೈಡುಗಳು. ಇವೆಲ್ಲಕ್ಕೂ ಹಿರಿಯನಾಗಿ, ಕಾಲು ಬಿಚ್ಚಿ ಗೋಡೆಗೆ ಒರಗಿಸಿದ ಅಜ್ಜನ ಕಾಲದ ತೇಗದ ಮಂಚ. ಅದರ ಮೇಲೆ ಈಗ ಯಾರೂ ಮಲಗುವುದಿಲ್ಲ, ಹಾಗಂತ ಕೊಡಲಿಕ್ಕೂ ಮನಸ್ಸು ಬಾರದು.

ಶೀಟು ಆರಿಸುವುದು ಗಂಡು ಆರಿಸುವುದಕ್ಕಿಂತ ಕಷ್ಟ. ಗೇಜಿನ ಲೆಕ್ಕದಲ್ಲಿ ನಂಬರು ಏರಿದಂತೆ ತಗಡು ತೆಳುವಾಗುತ್ತದೆ. ಇದು ಗೊತ್ತಿಲ್ಲದ ಎದುರು ಮನೆಯವರು “ಇಪ್ಪತ್ತಾರು ಯಾಕ್ರೀ, ದುಡ್ಡಿಗೆ ಏನು, ಇಪ್ಪತ್ತೆಂಟೇ ಹಾಕಿ” ಎಂದು ಧಾರಾಳವಾಗಿ ಹೇಳಿ, ತೆಳು ತಗಡು ಹಾಕಿಸಿಕೊಂಡು, ಈಗ ಮಳೆ ಬಂದರೆ ಫೋನಿನಲ್ಲಿ ಮಾತಾಡಲಾರರು. ರಾಯರು ಅಷ್ಟು ಸುಲಭದವರಲ್ಲ. 0.50 ಎಂಎಂ ಎಂದರೆ ಬರೀ ಉಕ್ಕಿನ ದಪ್ಪವೋ, ಸತುವಿನ ಲೇಪ ಮತ್ತು ಬಣ್ಣ ಸೇರಿಸಿಯೋ ಎಂದು ಅಂಗಡಿಯವನನ್ನು ಕೇಳಿದರು. ಅಂಗಡಿಯವನು ಟೀ ತರಿಸಿದ. ಆಮೇಲೆ ರಾಯರು ಜೇಬಿನಿಂದ ಸ್ಕ್ರೂಗೇಜು ತೆಗೆದಾಗ ಅವನು ಇನ್ನೊಂದು ಟೀ ತರಿಸಲಿಲ್ಲ.

ಫ್ಯಾಬ್ರಿಕೇಷನ್ನಿನವನ ಬಳಿ ಬೇರೆಯದೇ ಅರ್ಥಶಾಸ್ತ್ರ. ರೇಟು ಕೆ.ಜಿ. ಲೆಕ್ಕದಲ್ಲಾದರೆ “ಸ್ಟ್ರಾಂಗ್ ಇರಲಿ ಸಾರ್” ಎಂದು ಸೇತುವೆಗೆ ಹಾಕುವಂಥ ಪೈಪು ಹಾಕುತ್ತಾನೆ. ಚದರಡಿ ಲೆಕ್ಕದಲ್ಲಾದರೆ “ಇಷ್ಟು ಸಾಕು ಸಾರ್, ಶೆಡ್ ತಾನೇ” ಎಂದು ಕೊಡೆಯ ಕಡ್ಡಿ ತರುತ್ತಾನೆ. ಸ್ಕ್ರೂ ಹೊಡೆಯುವುದು ಶೀಟಿನ ಉಬ್ಬಿನ ಮೇಲೋ ತಗ್ಗಿನಲ್ಲೋ ಎಂಬ ಬಗ್ಗೆ ಇಬ್ಬರಿಗೂ ಒಂದು ಇಡೀ ಬೆಳಗ್ಗೆ ವಾದ ನಡೆಯಿತು. ವಾಸ್ತುವಿನವರು ಬಂದು ಭಾರವೆಲ್ಲ ನೈಋತ್ಯಕ್ಕೆ ಎಂದರು. ನೈಋತ್ಯದಲ್ಲಿ ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ಇತ್ತು. ದಕ್ಷಿಣೆ ತುಸು ಹೆಚ್ಚಾದ ಮೇಲೆ ವಾಯವ್ಯವೂ ನಡೆಯಿತು.

ಸಿಮೆಂಟ್ ಶೀಟು ಅಗ್ಗವಾಗುತ್ತಿತ್ತು. ಅದರಲ್ಲಿ ಕಲ್ನಾರಿದೆ, ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ದಾರಿ, ಬ್ರಿಟನ್ 1999ರಲ್ಲೇ ನಿಷೇಧಿಸಿದೆ ಎಂದು ರಾಯರು ಬೇಡವೆಂದರು. ತಪ್ಪೇನಿಲ್ಲ. ನಮ್ಮ ದೇಶದಲ್ಲಿ ಆ ಶೀಟಿನ ಕೆಳಗೆ ಕೂತು ಮಕ್ಕಳು ಮಗ್ಗಿ ಹೇಳುತ್ತವೆ, ಆದರೆ ಮಂಚದ ಶ್ವಾಸಕೋಶದ ಬಗ್ಗೆ ಯಾರಾದರೂ ಯೋಚಿಸಬೇಕಲ್ಲ.

ಉಳಿದದ್ದು ಬಿಸಿಲಿನ ಪ್ರಶ್ನೆ. ಏಪ್ರಿಲ್ಲಿನಲ್ಲಿ ತಗಡಿನ ಕೆಳಗೆ ಮರ ಬಿರಿಯುತ್ತದೆ, ಪುಸ್ತಕದ ಗೋಂದು ಬಿಡುತ್ತದೆ. ಅದಕ್ಕೆ ಪಫ್ ಪ್ಯಾನೆಲ್ಲು. ಎರಡು ಶೀಟಿನ ನಡುವೆ 50 ಎಂಎಂ ಫೋಮು, ಕೋಲ್ಡ್ ಸ್ಟೋರೇಜಿನವರು ಹಾಕಿಸುವಂಥದ್ದು. ನೆತ್ತಿಯ ಮೇಲೆ ಗಾಳಿಗೆ ತಾನೇ ತಿರುಗುವ ಟರ್ಬೋ ವೆಂಟಿಲೇಟರು. ಸಿಇಟಿ ಗೈಡುಗಳಿಗೆ ಸೆಕೆಯಾಗಬಾರದು.

ಇಷ್ಟೂ ಚರ್ಚೆ ನಡೆಯುತ್ತಿದ್ದದ್ದು ರಾಯರ ಗೇಟಿನ ಬಳಿ. ಗೇಟಿನ ಎದುರಿಗೆ ಅಪಾರ್ಟ್‌ಮೆಂಟು ಏಳುತ್ತಿತ್ತು, ಅದರ ಮಗ್ಗುಲಲ್ಲಿ ಲೇಬರ್ ಶೆಡ್ಡು. ರಾಯಚೂರು, ಯಾದಗಿರಿ ಕಡೆಯಿಂದ ಬಂದ ಸಂಸಾರಗಳು. ನಾಲ್ಕು ಕಡೆಯೂ ತಗಡು, ಮೇಲೂ ತಗಡು, ಒಂದಾಳು ನಿಂತರೆ ತಲೆಗೆ ತಾಗುವ ಎತ್ತರ. ಕಿಟಕಿ ಇಲ್ಲ. ಬಾಗಿಲಿಗೆ ಹಳೇ ಫ್ಲೆಕ್ಸು, ಅದರ ಮೇಲೆ ಯಾರೋ ಮುಖಂಡರು ಕೈಮುಗಿದು ಹುಟ್ಟುಹಬ್ಬದ ಶುಭಾಶಯ ಸ್ವೀಕರಿಸುತ್ತಿದ್ದರು. ಮಧ್ಯಾಹ್ನ ಒಳಗಿರಲಾಗದೆ ಹೆಂಗಸರು ಮರಳಿನ ರಾಶಿಯ ನೆರಳಿಗೆ ಕೂಸನ್ನು ಮಲಗಿಸುತ್ತಿದ್ದರು. 1996ರಲ್ಲಿ ಬಂದ ಕಟ್ಟಡ ಕಾರ್ಮಿಕರ ಕಾನೂನು ತನ್ನ 34ನೆಯ ಕಲಮಿನಲ್ಲಿ, ಕೆಲಸ ನಡೆಯುವಷ್ಟು ಕಾಲ ಮಾಲೀಕ ಇವರಿಗೆ ಬಾಡಿಗೆ ಇಲ್ಲದೆ ವಸತಿ ಕೊಡಬೇಕು, ಅಡುಗೆಗೆ, ಸ್ನಾನಕ್ಕೆ, ಬಟ್ಟೆ ಒಗೆಯಲು, ಶೌಚಕ್ಕೆ ಬೇರೆ ಬೇರೆ ವ್ಯವಸ್ಥೆ ಇರಬೇಕು ಎಂದು ಬರೆದಿಟ್ಟಿತು. ಬಾಡಿಗೆ ಇರಲಿಲ್ಲ ಎನ್ನುವಷ್ಟು ಮಟ್ಟಿಗೆ ಪಾಲನೆಯಾಗಿತ್ತು. ಪಫ್ ಪ್ಯಾನೆಲ್ಲಿನ ಬಗ್ಗೆ ಕಲಮಿನಲ್ಲಿ ಏನೂ ಇರಲಿಲ್ಲ ಬಿಡಿ.

ಕೊಟೇಶನ್ ಬಂದಾಗ ರಾಯರ ಮನೆಯವರು, “ಅಷ್ಟು ದುಡ್ಡಿಗೆ ಹೊಸಾ ಮಂಚಗಳೇ ನಾಲ್ಕು ಬರತ್ತೆ” ಎಂದರು. ರಾಯರು ಎರಡು ದಿನ ಮೌನವಾಗಿದ್ದರು. ಅಷ್ಟರಲ್ಲಿ ಎದುರಿನ ಅಪಾರ್ಟ್‌ಮೆಂಟಿನ ಕೆಲಸ ಮುಗಿದು, ಅಲ್ಲಿದ್ದವರು ಸಾಮಾನು ಕಟ್ಟಿಕೊಂಡು ಟೆಂಪೊ ಹತ್ತಿದರು. ಅವರ ಸಾಮಾನೆಲ್ಲ ಒಂದೇ ಟ್ರಿಪ್ಪಿಗೆ ಮುಗಿಯಿತು, ಜನವೂ ಅದರ ಮೇಲೇ ಕೂತರು.

ಫ್ಯಾಬ್ರಿಕೇಷನ್ನಿನವನು ವ್ಯವಹಾರ ಬಲ್ಲವನು. “ಸಾರ್, ಲೇಬರ್ ಶೆಡ್ ಬಿಚ್ತಾ ಇದಾರೆ. ಅದೇ ಶೀಟು ಅರ್ಧ ರೇಟಿಗೆ ಮಾತಾಡಿ ಕೊಡಿಸ್ತೀನಿ. ಎರಡು ಮಳೆಗಾಲ ನಾಲ್ಕು ಸಂಸಾರ ಇದ್ವು ಸಾರ್, ಒಂದು ಬಾಣಂತನ ಕೂಡ ಅಲ್ಲೇ ಆಯ್ತು. ಏನೂ ಪ್ರಾಬ್ಲಮ್ ಇಲ್ಲ.”

ರಾಯರು ಚಪ್ಪಲಿ ಮೆಟ್ಟಿಕೊಂಡು ಹೋದರು. ಗೋಡೆಗೆ ಒರಗಿಸಿಟ್ಟಿದ್ದ ಶೀಟನ್ನು ಬೆರಳಗೆಣ್ಣಿನಿಂದ ಬಡಿದು ನೋಡಿದರು. ಅಂಚಿನ ತುಕ್ಕನ್ನು ಉಗುರಿನಿಂದ ಕೆರೆದರು. ಒಂದನ್ನು ಮೇಲಕ್ಕೆ ಎತ್ತಿಸಿ, ಹಳೇ ಸ್ಕ್ರೂ ತೂತುಗಳಲ್ಲಿ ಬೆಳಕು ಕಾಣುತ್ತದೆಯೇ ಎಂದು ಒಂದು ಕಣ್ಣು ಮುಚ್ಚಿ ಪರೀಕ್ಷಿಸಿದರು. ಕಂಡಿತು.

“ಇಲ್ಲಪ್ಪ, ಆಗಲ್ಲ,” ಎಂದು ಕೈ ಕೊಡವಿದರು. “ಜನ ಇರೋದಕ್ಕೇನೋ ನಡೆಯತ್ತೆ. ನಾನು ಇಡೋದು ತೇಗದ ಮಂಚ.”