ಮಾನ್ಯರೇ, ಆ 65 ನಿಮಿಷ ಎಲ್ಲಿ?

ಇವರಿಗೆ,
ಲಂಡನ್ ಮಹಾನಗರದ ಪ್ರೌಢಶಾಲೆಗಳಲ್ಲಿ ಟೈಮ್‌ಟೇಬಲ್ ಹಾಕುವ ಡೆಪ್ಯುಟಿ ಹೆಡ್ ಮಹಾಶಯರು ಮತ್ತು ಮಹಾಶಯೆಯರು

ಇವರಿಂದ,
ತುಮಕೂರು ಜಿಲ್ಲೆಯ ಒಬ್ಬ ನಿವೃತ್ತ ಹೆಡ್ಮಾಸ್ಟರು, ಸದ್ಯಕ್ಕೆ ಮಗಳ ಮನೆ, ಹೌನ್ಸ್ಲೋ

ವಿಷಯ: ಮಕ್ಕಳ ಕ್ಷೇಮಕ್ಕಾಗಿ ಮಕ್ಕಳ ಊಟದ ಹೊತ್ತನ್ನು ಮೊಟಕುಗೊಳಿಸಿದ್ದಕ್ಕೆ ಅಭಿನಂದನೆ ಸಲ್ಲಿಸುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನನ್ನ ಮೊಮ್ಮಗನ ಶಾಲೆಯಿಂದ ಮಗಳಿಗೊಂದು ಇಮೇಲ್ ಬಂದಿದೆ. ಕಲಿಕೆ ಮತ್ತು ಕ್ಷೇಮಪಾಲನೆಯ ದೃಷ್ಟಿಯಿಂದ ಶಾಲೆಯ ದಿನಚರಿಯನ್ನು ಹೊಸದಾಗಿ ರೂಪಿಸಲಾಗಿದೆಯಂತೆ. ಶಾಲೆಯ ಹೆಸರು ಇಲ್ಲಿ ಬೇಡ. ಓದುತ್ತಾ ಹೋದಂತೆ ಇದು ತಮ್ಮದೇ ಶಾಲೆ ಅನ್ನಿಸಿದರೆ ಆ ಹೆಮ್ಮೆಯನ್ನು ತಾವು ಧಾರಾಳವಾಗಿ ಇಟ್ಟುಕೊಳ್ಳಬಹುದು.

ಹೊಸ ವ್ಯವಸ್ಥೆ ಹೀಗಿದೆ. ಊಟದ ಹೊತ್ತು 45 ನಿಮಿಷ ಇದ್ದದ್ದು 35 ಆಗಿದೆ. ಹಾಗೆ ಉಳಿಸಿದ ಹತ್ತು ನಿಮಿಷಕ್ಕೆ ಬೆಳಗಿನ ಹಾಜರಿಯಿಂದ ಇನ್ನು ಹತ್ತು ಸೇರಿಸಿ ಮಧ್ಯಾಹ್ನ ಇಪ್ಪತ್ತು ನಿಮಿಷದ ವೆಲ್‌ಬೀಯಿಂಗ್ ಪೀರಿಯಡ್ ಮಾಡಿದ್ದಾರೆ. ಅದರ ಮೊದಲ ಪಾಠ, ವಿಶ್ರಾಂತಿಯ ಮಹತ್ವ. ಮಕ್ಕಳು ಅರ್ಧ ಹೊಟ್ಟೆಯಲ್ಲಿ ಕೂತು ಪರದೆಯ ಮೇಲೆ ಸ್ಲೈಡ್ ನೋಡುತ್ತಾ, ಮನುಷ್ಯನಿಗೆ ಬಿಡುವು ಎಷ್ಟು ಮುಖ್ಯ ಎಂಬುದನ್ನು ನೋಟ್ಸ್ ಬರೆದುಕೊಳ್ಳುತ್ತಾರೆ.

ನಾನೂ ಟೈಮ್‌ಟೇಬಲ್ ಹಾಕಿದವನೇ. ಡ್ರಾಯಿಂಗ್ ಶೀಟು ಹರವಿ, ಸ್ಕೇಲು ಪೆನ್ಸಿಲ್ ಹಿಡಿದು ಕೂತರೆ ಹಿಂದಿ ಮೇಡಂಗೆ ಕೊನೆಯ ಪೀರಿಯಡ್ ಬೇಡ, ಅವರ ಬಸ್ಸು ನಾಲ್ಕೂಕಾಲಕ್ಕೆ. ವಿಜ್ಞಾನದ ಮೇಷ್ಟ್ರಿಗೆ ಮೊದಲನೆಯದು ಬೇಡ, ಅವರ ತೋಟಕ್ಕೆ ತ್ರೀ ಫೇಸ್ ಕರೆಂಟು ಬರುವುದೇ ಬೆಳಿಗ್ಗೆ. ಇವೆಲ್ಲವನ್ನೂ ಸರಿದೂಗಿಸಿ, ಉಳಿದ ಖಾಲಿ ಮನೆಗಳಲ್ಲಿ ಮಕ್ಕಳನ್ನು ಕೂರಿಸುತ್ತಿದ್ದೆವು. ಆ ವಿದ್ಯೆಯಲ್ಲಿ ತಾವು ನಮಗಿಂತ ಬಹಳ ಮುಂದೆ ಹೋಗಿದ್ದೀರಿ. ವೀಕ್ ಎ, ವೀಕ್ ಬಿ ಎಂದು ಎರಡು ವಾರಕ್ಕೊಮ್ಮೆ ಸುತ್ತಿ ಬರುವ ತಮ್ಮ ವೇಳಾಪಟ್ಟಿ ಶುಕ್ಲಪಕ್ಷ, ಕೃಷ್ಣಪಕ್ಷದ ಪಂಚಾಂಗದ ಹಾಗಿದೆ. ಹಾಫ್ ಟರ್ಮ್ ರಜೆ ಮುಗಿದ ಸೋಮವಾರ ಯಾವ ಪಕ್ಷ ನಡೆಯುತ್ತಿದೆ ಎಂದು ತಿಳಿಯದೆ ನಮ್ಮ ಹುಡುಗ ಆಟದ ಕಿಟ್ ಹೊತ್ತುಕೊಂಡು ಹೋಗಿ ಫ್ರೆಂಚ್ ತರಗತಿಯಲ್ಲಿ ಕೂತಿದ್ದ.

ಊಟದ ವಿಚಾರಕ್ಕೆ ಬರುತ್ತೇನೆ. 12.40ಕ್ಕೆ ಬೆಲ್. ಇಯರ್ 8ರವರಿಗೆ, ಅಂದರೆ ನಮ್ಮ ಹುಡುಗನ ತರಗತಿಗೆ, ಎರಡನೇ ಸರದಿ, ಮೊದಲು ಇಯರ್ 11ರ ಅಣ್ಣಂದಿರು. ಕಾರಿಡಾರಿನಲ್ಲಿ ಎಡಗಡೆ ಒಂದೇ ಸಾಲು, ಮಾತಿಲ್ಲ. ಕೌಂಟರಿನಲ್ಲಿ ದುಡ್ಡು ನಡೆಯುವುದಿಲ್ಲ, ಬೆರಳು ನಡೆಯುತ್ತದೆ. ಗಾಜಿನ ಮೇಲೆ ಬೆರಳೊತ್ತಿದರೆ ಅಪ್ಪ ಅಮ್ಮ ತುಂಬಿಟ್ಟ ಹಣದಲ್ಲಿ ಅಷ್ಟು ಕಳೆಯುತ್ತದೆ. ಲಂಡನ್ನಿನ ಜಿಟಿಜಿಟಿ ಮಳೆಯಲ್ಲಿ ನಿಂತು ಬಂದ ಕೈ ಒದ್ದೆಯಿದ್ದರೆ ಯಂತ್ರ ಗುರುತು ಹಿಡಿಯುವುದಿಲ್ಲ, ಬ್ಲೇಜರಿಗೆ ಒರೆಸಿಕೊಂಡು ಮತ್ತೆ ಒತ್ತಬೇಕು. ಅಷ್ಟರಲ್ಲಿ ಸಸ್ಯಾಹಾರಿಗಳ ಪಾಸ್ತಾ ಮುಗಿದು ಚೀಸ್ ಪನೀನಿ ಮಾತ್ರ ಉಳಿದಿರುತ್ತದೆ. ಕೂರಲು ಜಾಗ ಸಿಗುವಾಗ 1.05. ಐದು ನಿಮಿಷಕ್ಕೆ ಎಚ್ಚರಿಕೆಯ ಬೆಲ್, ಇನ್ನೈದು ನಿಮಿಷಕ್ಕೆ ತರಗತಿ. ಪನೀನಿಯ ಉಳಿದರ್ಧ ಪೇಪರ್ ನ್ಯಾಪ್ಕಿನ್ನಿನಲ್ಲಿ ಸುತ್ತಿಕೊಂಡು ಬ್ಲೇಜರಿನ ಜೇಬಿನಲ್ಲೇ ಮನೆಗೆ ಬರುತ್ತದೆ.

"ಮಧ್ಯೆ ಆಡೋದು ಯಾವಾಗೋ?" ಎಂದು ಕೇಳಿದೆ.

"ಊಟ ಬಿಟ್ಟರೆ ಆಡಬಹುದು ತಾತ" ಎಂದ.

ನಮ್ಮ ಕಡೆ ಆಟದ ಪೀರಿಯಡ್ ಕದಿಯುವುದು ಚಿಲ್ಲರೆ ವ್ಯವಹಾರ. ಜನವರಿ ಬಂತೆಂದರೆ ಗಣಿತದ ಮೇಷ್ಟ್ರು ಪಿ.ಟಿ. ಮೇಷ್ಟ್ರ ಹತ್ತಿರ ಹೋಗಿ, "ಪೋರ್ಷನ್ ಮುಗಿದಿಲ್ಲ ಸಾರ್, ಇವತ್ತೊಂದಿನ ಬಿಟ್ಕೊಡಿ" ಅನ್ನುತ್ತಾರೆ. ಆಗಲೇ ಮೈದಾನ ಮುಟ್ಟಿದ್ದ ಮಕ್ಕಳು ಮುಖ ಇಳಿಬಿಟ್ಟುಕೊಂಡು ವಾಪಸ್ ಬರುತ್ತಾರೆ. ಆ ಇವತ್ತೊಂದಿನ ಎಸ್ಸೆಸ್ಸೆಲ್ಸಿ ಪರೀಕ್ಷೆಯವರೆಗೂ ಎಳೆಯುತ್ತದೆ. ಹಾಗಂತ ಯಾರೂ ಅದಕ್ಕೆ ಮಕ್ಕಳ ಕ್ಷೇಮ ಅಂತ ಹೆಸರಿಡಲಿಲ್ಲ. ತಾವಾದರೋ ಸಗಟಿನಲ್ಲಿ, ರಶೀದಿ ಸಮೇತ ತೆಗೆದುಕೊಂಡಿದ್ದೀರಿ.

ರಶೀದಿ ಅಂದದ್ದು ಸುಮ್ಮನೆ ಅಲ್ಲ. ತಮ್ಮದೇ ಊರಿನ ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಎಡ್ ಬೇನ್ಸ್ ಮತ್ತು ಪೀಟರ್ ಬ್ಲಾಚ್‌ಫರ್ಡ್ ಎಂಬ ವಿದ್ವಾಂಸರು ಇಂಗ್ಲೆಂಡಿನ ಶಾಲೆಗಳ ಬಿಡುವಿನ ಹೊತ್ತಿನ ಲೆಕ್ಕವನ್ನು 1995ರಿಂದ ಇಟ್ಟುಕೊಂಡು ಬಂದಿದ್ದಾರೆ. 2019ರಲ್ಲಿ ಬಂದ ಅವರ ವರದಿಯ ಪ್ರಕಾರ, 1995ಕ್ಕೆ ಹೋಲಿಸಿದರೆ ಐದರಿಂದ ಏಳು ವರ್ಷದ ಪುಟಾಣಿಗಳಿಗೆ ವಾರಕ್ಕೆ 45 ನಿಮಿಷ ಬಿಡುವು ಕಡಿಮೆಯಾಗಿದೆ, ಪ್ರೌಢಶಾಲೆಯವರಿಗೆ 65 ನಿಮಿಷ. ಊಟದ ಹೊತ್ತು 55 ನಿಮಿಷಕ್ಕಿಂತ ಕಡಿಮೆಯಿದ್ದ ಪ್ರೌಢಶಾಲೆಗಳು ಆಗ ನೂರಕ್ಕೆ 30, ವರದಿಯ ಹೊತ್ತಿಗೆ ನೂರಕ್ಕೆ 82. ಕಾಲುಭಾಗ ಶಾಲೆಗಳಲ್ಲಿ 35 ನಿಮಿಷ ಅಥವಾ ಅದಕ್ಕೂ ಕಡಿಮೆ. ಮಧ್ಯಾಹ್ನದ ಚಿಕ್ಕ ಬಿಡುವಂತೂ ಪ್ರೌಢಶಾಲೆಗಳಲ್ಲಿ ಹೆಚ್ಚುಕಡಿಮೆ ಅಳಿದೇ ಹೋಗಿದೆ. ಶಾಲೆಯ ಒಟ್ಟು ಹೊತ್ತು ಮಾತ್ರ ಹೆಚ್ಚುಕಡಿಮೆ ಮೊದಲಿನಷ್ಟೇ ಇದೆ. ಅಂದಮೇಲೆ ಆ ನಿಮಿಷಗಳು ಥೇಮ್ಸ್ ನದಿಗೆ ಬಿದ್ದಿಲ್ಲ, ತರಗತಿಯ ಒಳಗೇ ಎಲ್ಲೋ ಇವೆ.

ಶಾಲೆಗಳು ಕೊಟ್ಟ ಕಾರಣ ಎರಡು. ಒಂದು, ಪಾಠಕ್ಕೆ ಸಮಯ ಸಾಲದು. ಎರಡು, ಬಿಡುವು ಉದ್ದವಾದರೆ ಹುಡುಗರು ಗಲಾಟೆ ಮಾಡುತ್ತಾರೆ. ಎರಡನೆಯದನ್ನು ನಾನು ಮನಸಾರೆ ಒಪ್ಪುತ್ತೇನೆ. ಊಟದ ಹೊತ್ತಿನಲ್ಲಿ ಕಾಯಲು ಬೇರೆ ಜನರಿಗೆ ಸಂಬಳ ಕೊಡಬೇಕು, ಜಗಳ ಬಿಡಿಸಬೇಕು, ಮಂಡಿಗೆ ಬ್ಯಾಂಡೇಜು ಹಾಕಬೇಕು. ಮಕ್ಕಳಿಲ್ಲದ ಶಾಲೆಯಷ್ಟು ಶಿಸ್ತಿನ ಶಾಲೆ ಇನ್ನೊಂದಿಲ್ಲ ಎಂಬುದನ್ನು ಬೇಸಿಗೆ ರಜೆಯಲ್ಲಿ ಆಫೀಸಿನಲ್ಲಿ ಒಬ್ಬನೇ ಕೂತಾಗಲೆಲ್ಲ ನಾನೂ ಕಂಡುಕೊಂಡಿದ್ದೇನೆ.

ತಮ್ಮ ಸರ್ಕಾರವೂ ಸುಮ್ಮನೆ ಕೂತಿಲ್ಲ. 2022ರ ಮಾರ್ಚ್ ತಿಂಗಳ ಶ್ವೇತಪತ್ರದಲ್ಲಿ, ವಾರಕ್ಕೆ ಕನಿಷ್ಠ 32.5 ಗಂಟೆ ಶಾಲೆ ನಡೆಯಬೇಕು ಎಂದಿತು. ಬೆಳಿಗ್ಗೆ 8.45ರಿಂದ 3.15ರವರೆಗೆ, ಐದು ದಿನ. ಮೊದಲು 2023ರ ಸೆಪ್ಟೆಂಬರ್ ಗಡುವು ಅಂದದ್ದು ಆಮೇಲೆ 2024ರ ಸೆಪ್ಟೆಂಬರಿಗೆ ಹೋಯಿತು. ಇದರಲ್ಲೊಂದು ಸೂಕ್ಷ್ಮವಿದೆ, ಅದು ತಮ್ಮ ಕಣ್ಣಿಗೆ ಬಿದ್ದಿಲ್ಲವೆಂದಲ್ಲ. ಆ ಮೂವತ್ತೆರಡೂವರೆ ಗಂಟೆಯಲ್ಲಿ ಊಟ, ಬಿಡುವು ಎಲ್ಲವೂ ಸೇರಿದೆ. ಅಂದರೆ ಮಕ್ಕಳು ಪೂರ್ತಿ ಒಂದು ಗಂಟೆ ಉಂಡು ಆಡಿದರೂ ಸರ್ಕಾರದ ಲೆಕ್ಕಕ್ಕೆ ಒಂದು ನಿಮಿಷವೂ ಕೊರತೆ ಬೀಳುವುದಿಲ್ಲ. ಇಷ್ಟು ಒಳ್ಳೆಯ ಅವಕಾಶವನ್ನು ಯಾರೂ ಬಳಸಿಕೊಳ್ಳದಂತೆ ನೋಡಿಕೊಂಡದ್ದು ತಮ್ಮ ಆಡಳಿತ ಕೌಶಲ.

ನಿದ್ದೆಯ ಬಗ್ಗೆ ತಮ್ಮ ನಾಡಿನಲ್ಲಿ ನಡೆದ ವಿಚಾರಮಂಥನವನ್ನೂ ನೆನೆಯಬೇಕು. ಹದಿಹರೆಯದವರ ದೇಹಕ್ಕೆ ರಾತ್ರಿ ತಡವಾಗಿ ನಿದ್ದೆ ಹತ್ತುತ್ತದೆ, ಬೆಳಿಗ್ಗೆ ಬೇಗ ಎಬ್ಬಿಸಿದರೆ ತಲೆ ಓಡುವುದಿಲ್ಲ ಎಂದು ವಿಜ್ಞಾನಿಗಳು ಹೇಳುತ್ತಲೇ ಇದ್ದಾರೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ, ಇವರ ಶಾಲೆ ಎಂಟೂವರೆಗಿಂತ ಮೊದಲು ಶುರುವಾಗಬಾರದು ಎಂದಿತು. ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲುಗಳ ಮಟ್ಟಿಗೆ 2022ರಿಂದ ಅದು ಕಾನೂನೇ ಆಗಿದೆ. ಇಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಇನ್ನೂ ಧೈರ್ಯ ಮಾಡಿ, ಹತ್ತು ಗಂಟೆಗೆ ಶಾಲೆ ಶುರುಮಾಡಿ ನೋಡೋಣ ಎಂದು ಟೀನ್‌ಸ್ಲೀಪ್ ಎಂಬ ಪ್ರಯೋಗಕ್ಕೆ ಹೊರಟರು. ಸಾಕಷ್ಟು ಶಾಲೆಗಳು ಮುಂದೆ ಬರಲಿಲ್ಲ. ಕೊನೆಗೆ ಶಾಲೆಯ ಹೊತ್ತು ಬದಲಿಸುವ ಯೋಜನೆ ಕೈಬಿಟ್ಟು, ಮಕ್ಕಳಿಗೆ ನಿದ್ದೆಯ ಮೇಲೆ ಪಾಠ ಮಾಡುವ ಯೋಜನೆ ಆಯಿತು. ನಮ್ಮ ಹುಡುಗನ ವಿಶ್ರಾಂತಿ ಪೀರಿಯಡ್ಡಿಗೆ ಎಂಥ ಘನವಾದ ಪೂರ್ವಪರಂಪರೆ ಇದೆ ನೋಡಿ! ಶಾಲೆ ತಡವಾಗಿ ಶುರುವಾಗಲಿ ಎಂದು ಸಂಸತ್ತಿಗೂ ಅರ್ಜಿ ಹೋಯಿತು. ಒಂದೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದು, 2019ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಚರ್ಚೆಯೂ ಆಯಿತು. ಅದು ಆಯಾ ಶಾಲೆಗೆ ಬಿಟ್ಟ ವಿಚಾರ ಎಂದಿತು ಸರ್ಕಾರ. ಶಾಲೆಗಳನ್ನು ಕೇಳಿದರೆ, ಅಪ್ಪ ಅಮ್ಮ ಕೆಲಸಕ್ಕೆ ಹೋಗಬೇಕಲ್ಲ ಅನ್ನುತ್ತವೆ. ಅಪ್ಪ ಅಮ್ಮನನ್ನು ಕೇಳಿದರೆ ಶಾಲೆಯತ್ತ ಕೈ ತೋರಿಸುತ್ತಾರೆ. ಈ ಸುತ್ತಿನಲ್ಲಿ ನಿದ್ದೆ ಬರುವುದು ಅರ್ಜಿಗೆ ಮಾತ್ರ.

ನಮ್ಮ ತಾಲ್ಲೂಕಿನ ಸರ್ಕಾರಿ ಹೈಸ್ಕೂಲಿನಲ್ಲಿ ಹತ್ತರ ಹೊತ್ತಿಗೆ ಪ್ರಾರ್ಥನೆ ಎಂದು ಹೇಳಿದರೆ ಆಕ್ಸ್‌ಫರ್ಡ್‌ನವರು ಎದ್ದು ನಿಂತು ಚಪ್ಪಾಳೆ ತಟ್ಟಿಯಾರು. ನಿದ್ದೆಯ ಹಾರ್ಮೋನು ಮೆಲಟೋನಿನ್ನಿಗೂ ನಮಗೂ ಯಾವ ಸಂಬಂಧವೂ ಇರಲಿಲ್ಲ. ಮಕ್ಕಳು ಡೇರಿಗೆ ಹಾಲು ಹಾಕಿ, ಮೂರು ಮೈಲಿ ನಡೆದು ಬರಬೇಕಿತ್ತು, ಅಷ್ಟೇ. ಕರ್ನಾಟಕದಲ್ಲಿ ಎಲ್ಲವೂ ಹೀಗೇ ಎಂದು ಬೀಗುವ ಹಾಗೂ ಇಲ್ಲ. 2023ರಲ್ಲಿ ಬೆಂಗಳೂರಿನ ಶಾಲಾ ಸಮಯ ಬದಲಿಸುವ ಚರ್ಚೆ ಹೈಕೋರ್ಟಿನವರೆಗೂ ಬಂದದ್ದು ಮಕ್ಕಳ ಕಣ್ಣುರಿಯ ಕಾರಣಕ್ಕಲ್ಲ, ಟ್ರಾಫಿಕ್ಕಿನ ಕಾರಣಕ್ಕೆ. ಖಾಸಗಿ ಶಾಲೆಗಳು ಅದಕ್ಕೂ ಒಪ್ಪಲಿಲ್ಲ.

ಲಂಡನ್ನಿನ ಎರಡು ಶಾಲೆಗಳನ್ನು ಮಾತ್ರ ಹೆಸರು ಹಿಡಿದೇ ಹೇಳಬೇಕು, ಅವು ಸುದ್ದಿಯಾದ ಶಾಲೆಗಳು. ಹ್ಯಾಂಪ್ಟನ್ ಕೋರ್ಟ್ ಅರಮನೆಯ ಹತ್ತಿರದ ಹ್ಯಾಂಪ್ಟನ್ ಕೋರ್ಟ್ ಹೌಸ್ ಎಂಬ ಖಾಸಗಿ ಶಾಲೆ 2014ರಲ್ಲಿ ತನ್ನ ಸಿಕ್ಸ್ತ್ ಫಾರ್ಮ್ ಮಕ್ಕಳಿಗೆ ಮಧ್ಯಾಹ್ನ ಒಂದೂವರೆಯಿಂದ ಸಂಜೆ ಏಳರವರೆಗೆ ಪಾಠ ಇಟ್ಟಿತು. ಚೆನ್ನಾಗಿ ಮಲಗಿ ಬರಲಿ ಎಂಬ ಉದ್ದೇಶ. ಹತ್ತು ವರ್ಷದ ನಂತರ, 2024ರಲ್ಲಿ, ನಾರ್ತ್ ಕೆನ್ಸಿಂಗ್ಟನ್‌ನ ಆಲ್ ಸೇಂಟ್ಸ್ ಕ್ಯಾಥೊಲಿಕ್ ಕಾಲೇಜ್ ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಶಾಲೆಯ ಬಾಗಿಲು ತೆರೆದಿಟ್ಟು ನೋಡಿತು. ಮಕ್ಕಳು ಫೋನಿನ ಗೀಳಿನಿಂದ ಹೊರಬರಲಿ ಎಂಬುದು ಅಲ್ಲಿನ ಉದ್ದೇಶ. ಒಂದೇ ಊರು, ಒಂದೇ ಕ್ಷೇಮ. ಒಬ್ಬರ ಕ್ಷೇಮ ಮಧ್ಯಾಹ್ನ ಏಳುತ್ತದೆ, ಇನ್ನೊಬ್ಬರದು ಬೆಳಿಗ್ಗೆ ಏಳಕ್ಕೇ ಹಾಜರಿ ಹಾಕುತ್ತದೆ.

ನಗುತ್ತಿದ್ದೀರಿ, ಆದರೆ ಆ ಹನ್ನೆರಡು ಗಂಟೆಯ ಶಾಲೆಯನ್ನು ನಾನು ಅಣಕಿಸಲಾರೆ. ಆ ಹೆಚ್ಚುವರಿ ಹೊತ್ತಿನಲ್ಲಿ ಅವರು ಕೊಟ್ಟದ್ದು ಡಾಡ್ಜ್‌ಬಾಲ್, ಬ್ಯಾಸ್ಕೆಟ್‌ಬಾಲ್, ಚಿತ್ರಕಲೆ, ನಾಟಕ, ಅಡುಗೆ. ಮಕ್ಕಳು ಕೈಯಲ್ಲಿ ಫೋನಿಲ್ಲದೆ ಒಬ್ಬರ ಮುಖ ಒಬ್ಬರು ನೋಡುತ್ತಾ ಆಡಿದರು. ನನ್ನ ತಕರಾರು ಇಷ್ಟೇ. ಮೂವತ್ತು ವರ್ಷ ಮಧ್ಯಾಹ್ನದ ಆಟವನ್ನು ನಿಮಿಷ ನಿಮಿಷವಾಗಿ ಕತ್ತರಿಸಿದ ವ್ಯವಸ್ಥೆಯಲ್ಲಿ, ಈಗ ಆಟವಾಡಬೇಕಾದರೆ ಮಗು ರಾತ್ರಿಯವರೆಗೆ ಶಾಲೆಯಲ್ಲಿರಬೇಕೆ?

ಡಿಸೆಂಬರಿನಲ್ಲಿ ಲಂಡನ್ನಿನ ಸೂರ್ಯ ನಾಲ್ಕಕ್ಕೆ ಮುಂಚೆ ಮುಳುಗುತ್ತಾನೆ, ಹುಟ್ಟುವುದು ಎಂಟರ ಆಸುಪಾಸಿನಲ್ಲಿ. ಮಗು ಮಬ್ಬುಗತ್ತಲಲ್ಲಿ ಮನೆ ಬಿಟ್ಟು ಮಬ್ಬುಗತ್ತಲಲ್ಲಿ ಮರಳುತ್ತದೆ. ಆ ತಿಂಗಳುಗಳಲ್ಲಿ ಅದಕ್ಕೆ ಬಿಸಿಲು ಕಾಣುವ ಹೊತ್ತು ಇರುವುದೇ ಊಟದ ಬಿಡುವಿನಲ್ಲಿ, ಅದನ್ನೇ ತಾವು ಪನೀನಿಯ ಸಾಲಿನಲ್ಲಿ ನಿಲ್ಲಿಸಿದ್ದೀರಿ. ತಮ್ಮವರಿಗೆ ಹೊತ್ತನ್ನು ಹಿಂದೆ ಮುಂದೆ ಮಾಡಲು ಬರುವುದಿಲ್ಲ ಎಂದರೆ ನಾನು ನಂಬುವುದಿಲ್ಲ. ಲಂಡನ್ನಿನ ಪೆಟ್ಸ್ ವುಡ್ ಬಳಿ ಕುದುರೆ ಸವಾರಿ ಮಾಡುತ್ತಿದ್ದ ವಿಲಿಯಂ ವಿಲೆಟ್ ಎಂಬ ಕಟ್ಟಡ ಗುತ್ತಿಗೆದಾರ, ಜನ ಬೇಸಿಗೆಯ ಬೆಳಕನ್ನು ಮಲಗಿ ಹಾಳುಮಾಡುತ್ತಾರೆಂದು 1907ರಲ್ಲಿ ಒಂದು ಪುಸ್ತಿಕೆ ಬರೆದ. 1916ರಲ್ಲಿ ದೇಶವೇ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿತು. 1968ರಿಂದ 1971ರವರೆಗೆ ಚಳಿಗಾಲದಲ್ಲೂ ಮುಂದೆಯೇ ಇಟ್ಟು ನೋಡಿದಿರಿ. ಗ್ರೀನ್‌ವಿಚ್ಚಿನಿಂದ ಲೋಕಕ್ಕೆಲ್ಲ ಗಂಟೆ ಹೇಳಿಕೊಟ್ಟ ಊರು ಇದು. ಇಷ್ಟೆಲ್ಲ ಮಾಡಿದವರಿಗೆ ಇಯರ್ 8ರ ಊಟ ಮಾತ್ರ ಅಲುಗದ ಬಂಡೆಯಾಯಿತು.

ತಮಗೆ ಇನ್ನೂ ಸುಧಾರಣೆ ಬೇಕೆಂದರೆ ನನ್ನ ಅನುಭವದಿಂದ ಒಂದೆರಡು ಸಲಹೆ ಕೊಡಬಲ್ಲೆ. ಊಟವನ್ನು ತರಗತಿಯಲ್ಲೇ, ಭೂಗೋಳದ ಜೊತೆಗೇ ಬಡಿಸಬಹುದು. ಬೆರಳೊತ್ತುವ ಯಂತ್ರಕ್ಕೆ ಹಸಿವನ್ನೂ ಅಳೆಯಲು ಕಲಿಸಿ, ನಿಜವಾಗಿ ಹಸಿದವರನ್ನು ಮಾತ್ರ ಒಳಗೆ ಬಿಡಬಹುದು. ಪಾಠದ ನಡುವೆ ಶೌಚಾಲಯಕ್ಕೆ ಬೀಗ ಹಾಕುವ ಪದ್ಧತಿ ಕೆಲವು ಕಡೆ ಈಗಾಗಲೇ ಇದೆ. ಕರ್ನಾಟಕ 2019ರಲ್ಲಿ ಮಕ್ಕಳಿಗೆ ನೀರು ಕುಡಿಯುವುದನ್ನು ನೆನಪಿಸಲು ನೀರಿನ ಬೆಲ್ ಹೊಡೆಯಿರಿ ಎಂದು ಶಾಲೆಗಳಿಗೆ ಹೇಳಿತ್ತು. ನೀರು ಕುಡಿಯಬಾರದ ಹೊತ್ತಿಗೆ ತಾವೊಂದು ಬೆಲ್ ಇಟ್ಟರೆ ಬೀಗದ ಖರ್ಚೂ ಉಳಿಯುತ್ತದೆ.

ಸಲಹೆ ಒಪ್ಪಿಗೆಯಾಗದಿದ್ದರೆ ನನ್ನ ಕೋರಿಕೆ ಸಣ್ಣದು. ವಾರಕ್ಕೆ 65 ನಿಮಿಷ ಅಂದರೆ ದಿನಕ್ಕೆ 13. ಅದನ್ನು ಊಟದ ಹೊತ್ತಿಗೆ ಮರಳಿಸಿ. ಹೊಸ ಕಟ್ಟಡ ಬೇಡ, ಸಾಫ್ಟ್‌ವೇರ್ ಬೇಡ, ಮೂವತ್ತೆರಡೂವರೆ ಗಂಟೆಗೆ ಧಕ್ಕೆಯೂ ಇಲ್ಲ. ವಿಶ್ರಾಂತಿಯ ಮೇಲಿನ ಸ್ಲೈಡುಗಳನ್ನು ತೆಗೆದುಹಾಕಿದರೆ ಬೇಕಾದದ್ದಕ್ಕಿಂತ ಹೆಚ್ಚೇ ಸಿಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಇಯರ್ 8ರ ಹುಡುಗನ ತಾತ

ಪ್ರತಿ: ಹೌನ್ಸ್ಲೋ, ಹ್ಯಾರೋ, ಕ್ರಾಯ್ಡನ್ ಮತ್ತು ಇಲ್ಫರ್ಡ್‌ನ ಕನ್ನಡಿಗ ತಂದೆತಾಯಿಯರಿಗೆ, ಅಗತ್ಯ ಕ್ರಮಕ್ಕಾಗಿ.

ನೀವೂ ಸಾಚಾಗಳಲ್ಲ. ಕಿಂಗ್‌ಸ್ಟನ್ನಿನ ಟಿಫಿನ್, ಬಾರ್ನೆಟ್ಟಿನ ಕ್ವೀನ್ ಎಲಿಜಬೆತ್ಸ್ ಎಂದು ಗ್ರಾಮರ್ ಸ್ಕೂಲುಗಳ ಜಪ ಮಾಡುತ್ತಾ, ಇಲೆವೆನ್ ಪ್ಲಸ್ ಪರೀಕ್ಷೆಗೆ ಎಂಟು ವರ್ಷದ ಮಗುವನ್ನು ಟ್ಯೂಷನ್ನಿಗೆ ದೂಡುವವರು ನೀವೇ. ಶನಿವಾರ ಅಬಾಕಸ್, ಭಾನುವಾರ ಭರತನಾಟ್ಯ ಮತ್ತು ಕನ್ನಡ ಕಲಿ. ಮಕ್ಕಳ ಬಿಡುವಿನ ಬಗ್ಗೆ ಶಾಲೆಗೆ ಕಾಗದ ಬರೆಯುವ ಮೊದಲು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ನಿಮ್ಮ ವೇಳಾಪಟ್ಟಿಯಲ್ಲೂ ಒಂದು ಖಾಲಿ ಮನೆ ಮಾಡಿ. ಆಮೇಲೆ ಶಾಲೆಯ ಆಡಳಿತ ಮಂಡಳಿಯಲ್ಲಿ ಪೇರೆಂಟ್ ಗವರ್ನರ್ ಸ್ಥಾನಕ್ಕೆ ಚುನಾವಣೆ ಯಾವಾಗ ಎಂದು ವಿಚಾರಿಸಿ. ಶಾಲೆಯ ಬೆಲ್ ಎಷ್ಟು ಹೊತ್ತಿಗೆ ಹೊಡೆಯಬೇಕು ಎಂಬುದು ಸಾಮಾನ್ಯವಾಗಿ ಆ ಮಂಡಳಿಯ ಅಥವಾ ಟ್ರಸ್ಟಿನ ಮೇಜಿನ ಮೇಲೇ ತೀರ್ಮಾನವಾಗುತ್ತದೆ. ಮಗು ಆ ಶಾಲೆಯಲ್ಲಿ ಓದುತ್ತಿದ್ದರೆ ನೀವೂ ನಿಲ್ಲಬಹುದು. ನಿಲ್ಲಿ.