ಹೆಸರಿನ ಜಾಗ ಖಾಲಿಯಿರುವ ಬಿನ್ನವತ್ತಳೆ

ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆಯಲ್ಲಿ ಕುರ್ಚಿ ಸಾಲದೆ ಮುನಿಸಿಕೊಂಡು ಕೆಳಗೆ ಕೂತಿರುವ ಗಣ್ಯರೇ, ಕಾಚಿಗೂಡ, ಸುಲ್ತಾನ್ ಬಜಾರ್, ಕೂಕಟ್‌ಪಲ್ಲಿಗಳಿಂದ ಟ್ರಾಫಿಕ್ ದಾಟಿ ಬಂದಿರುವ ಹೈದರಾಬಾದಿನ ಕನ್ನಡ ಬಂಧುಗಳೇ,

ಪರದೇಶಗಳಲ್ಲಿ ನಮ್ಮ ಆಟಗಾರರ ಸುರಕ್ಷತೆಗೂ ಸ್ವಾತಂತ್ರ್ಯಕ್ಕೂ ದನಿಯೆತ್ತಿದ ಸನ್ಮಾನ್ಯ ಶಾಸಕರಾದ ಶ್ರೀ ಡ್ಯಾಶ್ ಡ್ಯಾಶ್ ಅವರ ಪಾದಾರವಿಂದಗಳಲ್ಲಿ ಈ ಬಿನ್ನವತ್ತಳೆಯನ್ನು ಅರ್ಪಿಸುತ್ತಿದ್ದೇವೆ. ಹೆಸರಿನ ಜಾಗವನ್ನು ಬೇಕೆಂದೇ ಖಾಲಿ ಬಿಟ್ಟಿದ್ದೇವೆ. ಚೌಕಟ್ಟಿಗೆ, ಗಾಜಿಗೆ ದುಡ್ಡು ಬಿದ್ದಿದೆ. ಯಾವ ಪಕ್ಷ ಗೆದ್ದರೂ ಉಪಯೋಗಕ್ಕೆ ಬರಬೇಕಲ್ಲ.

ಹೇ ಸಾಗರೋತ್ತರ ಕ್ರೀಡಾರಕ್ಷಾಮಣಿ! 2021ರ ಜನವರಿಯಲ್ಲಿ ಸಿಡ್ನಿ ಮೈದಾನದ ಬೌಂಡರಿ ಗೆರೆಯ ಬಳಿ ನಮ್ಮೂರ ಮೊಹಮ್ಮದ್ ಸಿರಾಜ್ ನಿಂತಿದ್ದರು. ಆಟೋ ಓಡಿಸಿ ಮಗನನ್ನು ಬೆಳೆಸಿದ ತಂದೆ ತೀರಿಕೊಂಡು ಎರಡು ತಿಂಗಳೂ ತುಂಬಿರಲಿಲ್ಲ. ಮಣ್ಣಿಗೂ ಬಾರದೆ ಆಸ್ಟ್ರೇಲಿಯಾದಲ್ಲೇ ಉಳಿದಿದ್ದರು. ಗ್ಯಾಲರಿಯಿಂದ ಹೊಲಸು ಬೈಗುಳ ಬಂತು. ಸಿರಾಜ್ ನಾಯಕ ರಹಾನೆಗೆ ಹೇಳಿದರು, ರಹಾನೆ ಅಂಪೈರ್‌ಗಳಿಗೆ ಹೇಳಿದರು, ಆಟ ನಿಂತಿತು, ಆರು ಮಂದಿಯನ್ನು ಮೈದಾನದಿಂದ ಹೊರಗೆ ಕಳಿಸಿದರು, ಕ್ರಿಕೆಟ್ ಆಸ್ಟ್ರೇಲಿಯಾ ಕ್ಷಮೆ ಕೇಳಿತು. ಇಷ್ಟೆಲ್ಲ ಸಾಂಗವಾಗಿ ಮುಗಿದ ಮೇಲೆ ತಾವು ಖಂಡಿಸಿದಿರಿ! ಆ ಆವೇಶಕ್ಕೆ ಹುಸೇನ್ ಸಾಗರದ ನಡುವಿನ ಬುದ್ಧ ಒಮ್ಮೆ ಕಣ್ಣು ಬಿಟ್ಟು, ವಿಷಯ ತಿಳಿದು, ಮತ್ತೆ ಮುಚ್ಚಿಕೊಂಡನೆಂದು ನೆಕ್ಲೆಸ್ ರೋಡಿನ ಮೆಕ್ಕೆಜೋಳದವರು ಹೇಳುತ್ತಾರೆ.

ಸಿರಾಜ್ ಮುಂದಿನ ಟೆಸ್ಟ್‌ನಲ್ಲಿ, ಬ್ರಿಸ್ಬೇನ್‌ನಲ್ಲಿ, ಒಂದೇ ಇನಿಂಗ್ಸ್‌ಗೆ ಐದು ವಿಕೆಟ್ ತೆಗೆದರು. 2024ರಲ್ಲಿ ಟಿ20 ವಿಶ್ವಕಪ್ ಗೆದ್ದ ತಂಡದೊಂದಿಗೆ ಬಂದಾಗ ತೆಲಂಗಾಣ ಸರ್ಕಾರ ಜುಬಿಲಿ ಹಿಲ್ಸ್‌ನಲ್ಲಿ 600 ಚದರ ಗಜದ ನಿವೇಶನ ಘೋಷಿಸಿ, ಡಿಎಸ್‌ಪಿ ಹುದ್ದೆಯನ್ನೂ ಕೊಟ್ಟಿತು. ಆಟಗಾರನ ರಕ್ಷಣೆಗೆ ಇದಕ್ಕಿಂತ ಪಕ್ಕಾ ಏರ್ಪಾಡು ಉಂಟೇ? ಅವರನ್ನೇ ಪೊಲೀಸ್ ಮಾಡಿಬಿಟ್ಟರೆ ಮುಗಿಯಿತು.

ಹೇ ದೂರದರ್ಶಿ! ದೂರದ್ದು ಮಾತ್ರ ಕಾಣುವ ತಮ್ಮ ದೃಷ್ಟಿಗೆ ಸಾನಿಯಾ ಮಿರ್ಜಾ ಪ್ರಕರಣವೇ ಸಾಕ್ಷಿ. 2005ರ ಫೆಬ್ರವರಿಯಲ್ಲಿ ಇದೇ ಊರಿನಲ್ಲಿ ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ಸೆಪ್ಟೆಂಬರ್ ಹೊತ್ತಿಗೆ ಅವರ ಸ್ಕರ್ಟಿನ ಉದ್ದದ ಮೇಲೆ ಫತ್ವಾ ಬಂತು. ಕೋಲ್ಕತ್ತದ ಟೂರ್ನಿಗೆ ಪೊಲೀಸ್ ಕಾವಲು ಬಿಗಿಯಾಯಿತು. 2008ರಲ್ಲಂತೂ, ಭಾರತದಲ್ಲಿ ಆಡಿದಾಗಲೆಲ್ಲ ಒಂದಲ್ಲ ಒಂದು ತಕರಾರು ಎಂದು ಬೇಸತ್ತು ನಮ್ಮ ಬೆಂಗಳೂರಿನ ಟೂರ್ನಿಗೇ ಬರಲಿಲ್ಲ. ಮೆಲ್ಬರ್ನ್‌ಗೆ, ಪ್ಯಾರಿಸ್‌ಗೆ, ಲಂಡನ್‌ಗೆ ನಿರಾಳವಾಗಿ ಹೋಗಿಬರುತ್ತಿದ್ದ ಹೈದರಾಬಾದಿನ ಹುಡುಗಿಗೆ ಒಂದು ರಾತ್ರಿಯ ರೈಲಿನಷ್ಟು ದೂರದ ಬೆಂಗಳೂರು ದುರ್ಗಮವಾಯಿತು. ಬೆಂಗಳೂರು ವಿದೇಶವಲ್ಲದ ಕಾರಣ ತಮ್ಮ ಹೇಳಿಕೆಗೆ ಅವಕಾಶವಾಗಲಿಲ್ಲ. ನಮಗೆ ಅರ್ಥವಾಗುತ್ತದೆ.

ಮುಂದೆ 2014ರ ಜುಲೈ. ಹೊಸ ರಾಜ್ಯದ ಮುಖ್ಯಮಂತ್ರಿ ಕೆಸಿಆರ್ ಸಾನಿಯಾರನ್ನು ತೆಲಂಗಾಣದ ರಾಯಭಾರಿ ಮಾಡಿ ಒಂದು ಕೋಟಿಯ ಚೆಕ್ ಕೊಟ್ಟರು. ವಿಧಾನಸಭೆಯ ಬಿಜೆಪಿ ನಾಯಕ ಕೆ. ಲಕ್ಷ್ಮಣ್ ಎದ್ದುನಿಂತು, ಆಕೆ ಪಾಕಿಸ್ತಾನದ ಸೊಸೆ, ಹುಟ್ಟಿದ್ದು ಮಹಾರಾಷ್ಟ್ರದಲ್ಲಿ ಎಂದು ಲೆಕ್ಕ ತೆಗೆದರು. ಪಾಪ, ಸಾನಿಯಾ ತಮ್ಮ ವಂಶಾವಳಿಯನ್ನೇ ಬಿಚ್ಚಬೇಕಾಯಿತು: ತಾತ ನಿಜಾಮರ ರೈಲ್ವೆಯ ಎಂಜಿನಿಯರು, ಮುತ್ತಾತ ಗಂಡಿಪೇಟೆ ಅಣೆಕಟ್ಟು ಕಟ್ಟಿದವರು, ಅವರಿಗೂ ಹಿಂದಿನವರು 1908ರ ಮೂಸಿ ಪ್ರವಾಹದಲ್ಲಿ ಜನರನ್ನು ಕಾಪಾಡಲು ದುಡಿದವರು. ಗಂಡಿಪೇಟೆಯ ನೀರು ಕುಡಿದೇ ಗಂಟಲು ಒದ್ದೆ ಮಾಡಿಕೊಂಡ ಊರಿನಲ್ಲಿ ಈ ಪ್ರಶ್ನೆ ಎದ್ದಿತು ಎಂಬುದನ್ನು ಸಭೆ ಗಮನಿಸಬೇಕು. ಅದೇ ಸೆಪ್ಟೆಂಬರ್‌ನಲ್ಲಿ ಬ್ರುನೊ ಸೋರೆಸ್ ಜೊತೆ ಅಮೆರಿಕನ್ ಓಪನ್ ಮಿಶ್ರ ಡಬಲ್ಸ್ ಗೆದ್ದು ಪ್ರಶಸ್ತಿಯನ್ನು ತೆಲಂಗಾಣಕ್ಕೇ ಅರ್ಪಿಸಿದರು. ಸೊಸೆಯಂದಿರಿಗೆ ಇಷ್ಟು ತಾಳ್ಮೆ ಇರಬಾರದು.

ಹೇ ಮೌನವಿಚಕ್ಷಣ! 2023ರ ಮೇ 28ರಂದು ಹೊಸ ಸಂಸತ್ ಭವನ ಉದ್ಘಾಟನೆಯಾಗುತ್ತಿತ್ತು. ಅತ್ತ ಹೊರಟ ವಿನೇಶ್ ಫೋಗಟ್, ಸಾಕ್ಷಿ ಮಲಿಕ್, ಬಜರಂಗ್ ಪೂನಿಯಾರನ್ನು ದೆಹಲಿ ಪೊಲೀಸರು ರಸ್ತೆಯಲ್ಲೇ ಹಿಡಿದೆಳೆದು ಬಸ್ಸಿಗೆ ತುಂಬಿದರು. ಅವರ ದೂರು ಇದ್ದದ್ದು ಕುಸ್ತಿ ಫೆಡರೇಷನ್ ಅಧ್ಯಕ್ಷ, ಸ್ವತಃ ಸಂಸದರಾಗಿದ್ದ ಬ್ರಿಜ್ ಭೂಷಣ್ ಶರಣ್ ಸಿಂಗ್ ಅವರ ಮೇಲೆ, ಲೈಂಗಿಕ ಕಿರುಕುಳದ್ದು. ಅವರು ಆರೋಪ ಅಲ್ಲಗಳೆದರು. ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು. ಆದ್ದರಿಂದ ನಾನೂ ತಮ್ಮಂತೆಯೇ ಇಲ್ಲಿ ಒಂದು ಗುಟುಕು ನೀರು ಕುಡಿದು ಮುಂದಿನ ಪುಟಕ್ಕೆ ಹೋಗುತ್ತೇನೆ.

ಮುಂದಿನ ಪುಟದಲ್ಲಿ ಕ್ರೀಡಾಂಗಣಗಳ ಸದ್ಬಳಕೆಗಾಗಿ ಅಭಿನಂದನೆ ಇದೆ. 2023ರ ಮಾರ್ಚ್‌ನಲ್ಲಿ ಸಾನಿಯಾ ತಮ್ಮ ವಿದಾಯದ ಪಂದ್ಯ ಆಡಿದ್ದು ಎಲ್.ಬಿ. ಸ್ಟೇಡಿಯಂನಲ್ಲಿ. ಅದೇ ಡಿಸೆಂಬರ್‌ನಲ್ಲಿ ಹೊಸ ಮಂತ್ರಿಮಂಡಲದ ಪ್ರಮಾಣವಚನವೂ ಅಲ್ಲೇ. ಯಾವ ಸಮಾರಂಭಕ್ಕೆ ಹೆಚ್ಚು ಕುರ್ಚಿ ಹಾಕಿದ್ದರೆಂದು ನಮ್ಮ ಶಾಮಿಯಾನದವರನ್ನು ಕೇಳಬೇಡಿ. ಅವರಿಗಿನ್ನೂ ಬಾಕಿ ಕೊಡಬೇಕು.

ಈಗ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಪೇಟದ ಅಳತೆ ಸರಿಹೋಗದಿದ್ದರೆ ಒಳಗೆ ಕಾಗದ ತುರುಕಿದ್ದೇವೆ, ಅದು ತಮ್ಮ ಖಂಡನಾ ಹೇಳಿಕೆಯ ಪ್ರತಿಯೇ. ಶಾಲು ಹೊದಿಸಲು ನಮ್ಮ ಬಡಾವಣೆಯ ಟೆನಿಸ್ ಹುಡುಗಿಯೊಬ್ಬಳನ್ನು ಕರೆಸಿದ್ದೇವೆ. ಪ್ರಾಕ್ಟೀಸ್‌ನಿಂದ ಸೀದಾ ಬಂದಿದ್ದಾಳೆ, ಬಟ್ಟೆ ಬದಲಿಸಲು ಸಮಯವಾಗಲಿಲ್ಲ. ಸನ್ಮಾನ್ಯರು ದಯವಿಟ್ಟು ಫೋಟೊ ತೆಗೆಯುವವರೆಗಾದರೂ ಕ್ಯಾಮೆರಾ ಕಡೆಗೇ ನೋಡಬೇಕಾಗಿ ವಿನಂತಿ.