ಒಂದು ಹೊಗೆ, ಮೂರು ಫೈಲು

ಪುಣೆಯ ಗಾಳಿ ಕೆಟ್ಟಿದೆ ಎಂದು ಹೇಳಲು ಹೊರಗಿನವರು ಬರಬೇಕಿಲ್ಲ. ಹೊಗೆ ಅಳೆಯುವ ವಿದ್ಯೆಗೆ ಇದೇ ತವರು. ಗಾಳಿಯ ಗುಣಮಟ್ಟದ ಮುನ್ಸೂಚನೆ ಕೊಡುವ 'ಸಫರ್' ಹುಟ್ಟಿದ್ದು ಇಲ್ಲಿನ ಪಾಷಾಣ ಬಡಾವಣೆಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ. ವಾಹನಗಳ ಹೊಗೆ ಪರೀಕ್ಷಿಸುವ ಎಆರ್‌ಎಐ ಸಂಸ್ಥೆ ಇರುವುದು ಊರೊಳಗಿನ ಗುಡ್ಡ ವೇತಾಳ ಟೇಕಡಿಯ ಮೇಲೆ. ಪರೀಕ್ಷೆಗೆ ಸರಕಿನ ಕೊರತೆಯೂ ಇಲ್ಲ; 2018ರಲ್ಲೇ ಇಲ್ಲಿನ ವಾಹನಗಳ ಸಂಖ್ಯೆ ಜನಸಂಖ್ಯೆಯನ್ನು ಹಿಂದೆ ಹಾಕಿತು.

ಸಂಜೆ ಸ್ವಾರಗೇಟ್ ಸಿಗ್ನಲ್‌ನಲ್ಲಿ ನಿಂತು ನೋಡಿ. ಸ್ಕೂಟಿ ಮೇಲಿನ ಹುಡುಗಿಯರು ಎರಡು ಕಣ್ಣು ಮಾತ್ರ ಬಿಟ್ಟು ಮುಖಕ್ಕೆಲ್ಲ ಓಢಣಿ ಸುತ್ತಿಕೊಂಡಿರುತ್ತಾರೆ. ಊರಿನಲ್ಲಿ ನೂರಕ್ಕೆ ನೂರು ಜಾರಿಯಾದ ಮಾಲಿನ್ಯ ನಿಯಂತ್ರಣ ಯೋಜನೆ ಇದೊಂದೇ. ಖರ್ಚು ಪೂರ್ತಿ ಫಲಾನುಭವಿಯದು.

ಮುಂದಿದ್ದ ಡೀಸೆಲ್ ಟೆಂಪೋ ಕರ್ರಗೆ ಒಮ್ಮೆ ಉಗುಳಿತೆನ್ನಿ. ಆ ಮಸಿ ಗಾಳಿಯಲ್ಲಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಯದು. ಎದೆಗಿಳಿದರೆ ಆರೋಗ್ಯ ಇಲಾಖೆಯದು. ಬಿಸಿಲು ಹೀರಿ ಭೂಮಿಯನ್ನು ಕಾಯಿಸಿದರೆ ಹವಾಮಾನ ಬದಲಾವಣೆಯ ವಿಭಾಗದ್ದು. ಟೆಂಪೋ ಯಾರದು ಅಂತೀರಾ? ಅದು ಸಾರಿಗೆಯವರದು, ಅವರು ಸಭೆಗೆ ಬಂದಿಲ್ಲ. ಡೀಸೆಲ್ ಸುಡುವುದನ್ನು ನಿಲ್ಲಿಸಿದರೆ ಮೂರೂ ಫೈಲು ಒಟ್ಟಿಗೇ ಮುಚ್ಚುತ್ತವೆ. ತೊಂದರೆ ಇರುವುದೇ ಅಲ್ಲಿ.

2019ರ ಡಿಸೆಂಬರಿನಲ್ಲಿ ಆಗಿನ ಪರಿಸರ ಸಚಿವ, ಪುಣೆಯವರೇ ಆದ ಪ್ರಕಾಶ್ ಜಾವಡೇಕರ್, ಮಾಲಿನ್ಯದಿಂದ ಆಯುಷ್ಯ ಕಡಿಮೆಯಾಗುತ್ತದೆಂದು ಯಾವ ಭಾರತೀಯ ಅಧ್ಯಯನವೂ ತೋರಿಸಿಲ್ಲ, ಜನರಲ್ಲಿ ಭಯ ಹುಟ್ಟಿಸಬೇಡಿ ಎಂದು ಲೋಕಸಭೆಗೆ ಧೈರ್ಯ ಹೇಳಿದರು. ಅದಕ್ಕೆ ಒಂದು ವರ್ಷ ಮೊದಲೇ, ಕೇಂದ್ರ ಸರ್ಕಾರದ್ದೇ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಪಾಲ್ಗೊಂಡ ಅಧ್ಯಯನ, 2017ರಲ್ಲಿ ಕೆಟ್ಟ ಗಾಳಿಯಿಂದ ದೇಶದಲ್ಲಿ 12.4 ಲಕ್ಷ ಜನ ಸತ್ತರೆಂದೂ ಗಾಳಿ ಚೆನ್ನಾಗಿದ್ದಿದ್ದರೆ ಸರಾಸರಿ ಆಯುಷ್ಯ 1.7 ವರ್ಷ ಹೆಚ್ಚಿರುತ್ತಿತ್ತೆಂದೂ ಲೆಕ್ಕ ಕೊಟ್ಟಿತ್ತು. ಪಾಪ, ಸಚಿವರ ತಪ್ಪೇನಿದೆ? ಸತ್ತವರು ಬೇರೆ ಸಚಿವಾಲಯದ ವ್ಯಾಪ್ತಿಯಲ್ಲಿ ಸತ್ತಿದ್ದರು.

ಅದೇ 2019ರಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವೂ ಶುರುವಾಯಿತು. ಅದರ ನಗರಗಳ ಪಟ್ಟಿಯಲ್ಲಿ ಪುಣೆಯೂ ಇದೆ. ನಗರಗಳಿಗೆ ಅಂಕ ಬೀಳುವುದು ಹೆಚ್ಚಾಗಿ ಪಿಎಂ 10ರ ಮೇಲೆ, ಅಂದರೆ ದಪ್ಪ ಧೂಳೂ ಸೇರಿದ ಲೆಕ್ಕದ ಮೇಲೆ. ರಕ್ತಕ್ಕಿಳಿಯುವ ಪಿಎಂ 2.5 ಪಠ್ಯದಲ್ಲಿದೆ, ಪರೀಕ್ಷೆಗಿಲ್ಲ. ಹಾಗಾಗಿ ಕಾರ್ಯಕ್ರಮದ ಹಣದಲ್ಲಿ 64% ರಸ್ತೆ ಧೂಳಿಗೇ ಹೋಯಿತು, ಕಾರ್ಖಾನೆ ಹೊಗೆಗೆ ಸಿಕ್ಕಿದ್ದು 0.61% ಎಂದು ದಿಲ್ಲಿಯ ಪರಿಸರ ಸಂಸ್ಥೆ ಸಿಎಸ್‌ಇ 2024ರಲ್ಲಿ ಲೆಕ್ಕ ಹಾಕಿತು. ಗುಡಿಸಿದ್ದು ಫೋಟೋದಲ್ಲಿ ಕಾಣುತ್ತದೆ, ಶ್ವಾಸಕೋಶ ಕಾಣುವುದಿಲ್ಲ.

ಪುಣೆ ಏನೂ ಮಾಡಿಲ್ಲವೆಂದಲ್ಲ. 2019ರಲ್ಲಿ ವಿದ್ಯುತ್ ಬಸ್ಸು ಬಂತು, 2022ರಲ್ಲಿ ಮೆಟ್ರೊ ಬಂತು. ಜೊತೆಗೆ, ಟ್ರಾಫಿಕ್ಕು ತಗ್ಗಿಸಲು ವೇತಾಳ ಟೇಕಡಿಯನ್ನೇ ಸೀಳಿ ರಸ್ತೆ ಮಾಡುವ ಯೋಜನೆಯೂ ಬಂತು. ಅದರ ವಿರುದ್ಧ 2023ರಲ್ಲಿ ಜನ ಬೀದಿಗಿಳಿಯಬೇಕಾಯಿತು.

ನನ್ನದೊಂದು ಬಡ ಸಲಹೆ. ಅನುದಾನದ ಅರ್ಜಿಯಲ್ಲಿ ಒಂದು ಕಾಲಂ ಹೆಚ್ಚಿಸಿ: ಈ ವರ್ಷ ಉಬ್ಬಸಕ್ಕೆ ನೆಬುಲೈಸರ್ ಹಾಕಿಸಿಕೊಂಡ ಮಕ್ಕಳೆಷ್ಟು? ಆ ಸಂಖ್ಯೆ ಇಳಿದಷ್ಟೂ ಅಂಕವೂ ಹಣವೂ ಸಿಗಲಿ. ಮರುದಿನ ಬೆಳಿಗ್ಗೆಯೇ ಪಾಲಿಕೆ ಪೊರಕೆ ಕೆಳಗಿಟ್ಟು, ಟೆಂಪೋ ಯಾರದು ಎಂದು ವಿಚಾರಿಸಲು ಹೊರಡುತ್ತದೆ.